ಸೋತ ನಾಯಕನ ಬನ

ಕರೆಬಂಡೆಯ ಹೊಸ ಬಡಾವಣೆಯಲ್ಲಿ ನೀರಿನ ಟ್ಯಾಂಕು ದಾಟಿ ಎಡಕ್ಕೆ ಹೊರಳಿದರೆ ಒಂದು ಉದ್ಯಾನವನ ಸಿಗುತ್ತದೆ. ಪುರಸಭೆಯವರು ಗೇಟಿನ ಮೇಲೆ ಯಾರೋ ಗಣ್ಯರ ಹೆಸರನ್ನು ಆಳೆತ್ತರ ಬರೆಸಿದ್ದಾರೆ. ಆ ಹೆಸರು ಹೇಳಿದರೆ ಒಬ್ಬ ಆಟೋದವನೂ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುವುದಿಲ್ಲ. ಸೋತ ನಾಯಕನ ಬನ ಎನ್ನಬೇಕು. ಬಳ್ಳಾರಿ ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್ ಬಂತೆಂದರೆ ಸಂಜೆ ಐದೂವರೆಯವರೆಗೆ ಮಕ್ಕಳ ಜಾರುಬಂಡೆ ಮುಟ್ಟುವ ಹಾಗಿಲ್ಲ, ತೊಡೆ ಸುಟ್ಟೀತು. ಆಮೇಲೆ ನೋಡಬೇಕು ಅಲ್ಲಿಯ ಗದ್ದಲ: ಷಟಲ್ ಆಡುವ ಹುಡುಗಿಯರು, ಸಕ್ಕರೆ ಕಾಯಿಲೆಗೆ ಹೆದರಿ ಸುತ್ತು ಹಾಕುವ ದಂಪತಿಗಳು, ಮಿರ್ಚಿ ಮಂಡಕ್ಕಿಯ ಗಾಡಿ ಕಂಡೊಡನೆ ಸುತ್ತು ಮರೆಯುವ ಅದೇ ದಂಪತಿಗಳು. ಗೆದ್ದವರ ಹೆಸರನ್ನು ಊರಿಗಿಡುವುದುಂಟು, ಸೋತವನ ಹೆಸರನ್ನು ಯಾರು ಇಟ್ಟರು ಎಂದು ಹೊಸಬರು ಕೇಳುತ್ತಾರೆ. ಅವನೇ ಇಟ್ಟ ಎಂದರೆ ನಂಬುವುದಿಲ್ಲ.

ಹಿಂದೆ ಒಮ್ಮೆ ಈ ಸೀಮೆಯನ್ನು ಬೊಮ್ಮಲಿಂಗ ನಾಯಕನೆಂಬ ಪಾಳೇಗಾರ ಆಳುತ್ತಿದ್ದನಂತೆ. ಕೆಟ್ಟವನಲ್ಲ, ಕಿವಿಗೆ ಹಿತವಾದದ್ದನ್ನು ಮಾತ್ರ ಕೇಳಿ ಬೆಳೆದವನು. ಅವನಿಗೆ ಹುಲಿಮನೆ ಆಟವೆಂದರೆ ಪ್ರಾಣ. ಮೂರು ಹುಲಿ, ಹದಿನೈದು ಆಡು. ಹುಲಿ ಹಾರಿ ಹಾರಿ ಆಡು ತಿನ್ನಬೇಕು, ಆಡುಗಳು ಸುತ್ತುಗಟ್ಟಿ ಹುಲಿಯನ್ನು ಕದಲದಂತೆ ಮಾಡಬೇಕು. ನಾಯಕ ಯಾವಾಗಲೂ ಹುಲಿ. ಹುಟ್ಟಿದಾಗಿನಿಂದ ಒಂದು ಆಟವನ್ನೂ ಸೋತವನಲ್ಲ ಎನ್ನುತ್ತಾರೆ. ಅವನ ಎಲೆಯಡಿಕೆಯ ಚೀಲ ಹೊರುವ ಗುರುವಣ್ಣ ಇಪ್ಪತ್ತು ವರ್ಷ, ಊಟವಾದ ಮೇಲೆ ದಿನಕ್ಕೊಂದು ಆಟದಂತೆ ಅವನೆದುರು ಸೋತಿದ್ದ. ಆಗ ಈ ಬನದ ಮರಗಳಷ್ಟೇ ಸುತ್ತ ಮೂರು ಹರದಾರಿಗೆ ಇದ್ದ ನೆರಳು. ಮಡಕೆ ಹೊತ್ತವರು, ದನಗಾಹಿಗಳು, ಬಾವಿಗೆ ಹೋಗುವ ಹೆಂಗಸರು ಎಲ್ಲರೂ ನಡು ಮಧ್ಯಾಹ್ನ ಇಲ್ಲಿಯೇ ತಂಗುತ್ತಿದ್ದರು. ಒಂದು ಬೇಸಿಗೆಯಲ್ಲಿ ಈ ಜಾಗ ನಾಯಕನ ಕಣ್ಣಿಗೆ ಬಿತ್ತು. ಸುತ್ತ ಗೋಡೆ ಹಾಕಿಸಿ ತನ್ನ ವಿಹಾರದ ತೋಟ ಮಾಡಿಕೊಳ್ಳುವೆನೆಂದು ಕಲ್ಲು ತರಿಸಿಯೇಬಿಟ್ಟ.

ಊರವರ ಪರವಾಗಿ ಮಾತಾಡಿದವಳು ಕುಂಬಾರರ ದ್ಯಾವಮ್ಮ. “ನೆಳ್ಳು ಗ್ವಾಡಿ ಒಳಗ ಇಟ್ಟುಕೊಂಡ್ರ ನಾವು ಎಲ್ಲಿ ನಿಲ್ಲಬೇಕ್ರಿ ದೊರಿ? ಹೋದ ವರ್ಷ ನನ್ನ ತಮ್ಮ ಬಿಸಿಲಾಗ ಬಿದ್ದು ಏಳಲಿಲ್ಲ, ಬನ ನೂರು ಹೆಜ್ಜಿ ದೂರ ಇತ್ತು” ಎಂದಳಂತೆ. ನಾಯಕನಿಗೆ ಇರಿಸುಮುರಿಸಾಯಿತು. ಇಲ್ಲವೆನ್ನಲು ಮುಖವಿಲ್ಲ, ಬಿಡಲು ಮನಸ್ಸಿಲ್ಲ. ಕೊನೆಗೆ ನಕ್ಕು, “ಹುಲಿಮನ್ಯಾಗ ನನ್ನ ಸೋಲಿಸಿದ್ರ ಬನ ನಿಮ್ಮದು. ನಾನು ಗೆದ್ರ ನಾಳೆಯಿಂದ ಒಬ್ಬರೂ ಕಾಲಿಡಬಾರದು” ಎಂದ. ಬೇವಿನ ಬುಡದ ಬಂಡೆಯ ಮೇಲೆ ಇದ್ದಿಲಿನಿಂದ ಆಟದ ಮನೆ ಬರೆದದ್ದಾಯಿತು. ಯಾರೂ ಮುಂದೆ ಬರಲಿಲ್ಲ. ನಾಯಕನ ಭಾವಮೈದುನ ಪಕ್ಕದವನನ್ನು ತಿವಿದ, ಪಕ್ಕದವನು ಅವನ ಪಕ್ಕದವನನ್ನು. ಆಗ ಗುರುವಣ್ಣ ಚೀಲವನ್ನು ಹೆಗಲಿನಿಂದ ಇಳಿಸಿ ದೊರೆಯ ಎದುರು ಚಕ್ಕಂಬಕ್ಕಳ ಹಾಕಿ ಕುಳಿತ. “ನೀನೇನಲೇ?” ಎಂದು ನಾಯಕ ಹೊಟ್ಟೆ ಹಿಡಿದು ನಕ್ಕ. “ದಿನಾ ಸೋಲಾಂವ ನೀನು.” ಗುರುವಣ್ಣ, “ಹೌದ್ರಿ ದೊರಿ, ದಿನಾ ಸೋತೀನಿ” ಎಂದು ಮೊದಲ ಆಡನ್ನು ಇಟ್ಟ.

ಮುಂದೆ ನಡೆದದ್ದನ್ನು ಹೇಳುವಾಗ ನಮ್ಮ ಹಿರಿಯರು ದನಿ ತಗ್ಗಿಸುತ್ತಿದ್ದರು. ಒಂದೇ ಒಂದು ಆಡು ಸಾಯಲಿಲ್ಲ. ನಾಯಕ ಎಲೆ ಮಡಿಚಿ ಬಾಯಿಗಿಡುವಷ್ಟರಲ್ಲಿ ಮೊದಲ ಹುಲಿ ಕಟ್ಟುಬಿತ್ತು, ಮೆಲ್ಲುವಷ್ಟರಲ್ಲಿ ಎರಡನೆಯದು. ಮೂರನೆಯದಕ್ಕೂ ದಾರಿಯಿಲ್ಲದಾದಾಗ ಬೀಸಣಿಗೆಯವನ ಕೈ ನಿಂತೇಹೋಯಿತು. ಬಂದೂಕು ಊರಿ ನಿಂತ ಬಂಟರು ಕಣ್ಣು ಪಿಳುಕಿಸಲಿಲ್ಲ. ನಾಯಕ ಹುಲಿಗಳನ್ನೇ ನೋಡುತ್ತ ಕುಳಿತ. ಬೆರಳಿಟ್ಟು ಆಡುಗಳನ್ನು ಎಣಿಸಿದ, ಹದಿನೈದೂ ಇದ್ದವು. ಇನ್ನೊಂದು ಆಟ ಹಾಕಿಸಿದ, ಸೋತ. ಮತ್ತೊಂದು, ಅದನ್ನೂ ಸೋತ. “ನಿನಗ ಯಾವಾಗಿಂದ ಆಡಾಕ ಬರ್ತದ?” ಎಂದು ಕೇಳಿದ. “ಮೊದಲನೇ ದಿನದಿಂದ್ರಿ. ನಿಮಗ ಗೊತ್ತಾಗದಂಗ ಸೋಲೂದೇ ಕಷ್ಟ ಇತ್ತು.” “ಇವರಿಗೆಲ್ಲ ಇದು ಗೊತ್ತಿತ್ತೇನು?” ಗುರುವಣ್ಣ ಆಡುಗಳನ್ನು ಒಂದೊಂದಾಗಿ ಆಯ್ದುಕೊಳ್ಳತೊಡಗಿದ. ನಾಯಕ ತಾನೇ ತಿರುಗಿ ನೋಡಿದ. ದಳವಾಯಿ ತನ್ನ ಕಾಲಿನ ಜೋಡು ನೋಡುತ್ತಿದ್ದ. ಭಾವಮೈದುನನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದಿತ್ತು.

ಗುರುವಣ್ಣನ ತಲೆ ಹೋಯಿತೆಂದೇ ಎಲ್ಲರೂ ಅಂದುಕೊಂಡರು. ದ್ಯಾವಮ್ಮ ಸೆರಗು ಬಾಯಿಗೆ ಒತ್ತಿಕೊಂಡಳಂತೆ. ನಾಯಕ ಹಾಗೇನೂ ಮಾಡಲಿಲ್ಲ. ಭಾವಮೈದುನನನ್ನು ಕರೆದು ಎದುರಿಗೆ ಕೂರಿಸಿದ. “ಈಗ ಖರೇನ ಆಡು” ಎಂದ, ಸೋತ. ದಳವಾಯಿಯನ್ನು ಕೂರಿಸಿದ, ಸೋತ. ಹೊತ್ತು ಇಳಿಯುವಷ್ಟರಲ್ಲಿ ಕುದುರೆಗೆ ಹುಲ್ಲು ಹಾಕುವವನ ಕೈಯಲ್ಲೂ ಸೋತಿದ್ದ. ಕೊನೆಗೆ ಗೋಡೆಗೆ ತಂದ ಕಲ್ಲುಗಳನ್ನು ತೋರಿಸಿ, ಇವುಗಳಿಂದ ಬಾವಿಯ ದಾರಿಗೆ ಮೆಟ್ಟಿಲು ಮಾಡಿ ಎಂದ. ಇದ್ದಿಲು ಅಳಿಸಿಹೋಗುತ್ತದೆ, ಮನೆಯನ್ನು ಬಂಡೆಯಲ್ಲೇ ಕೊರೆಯಿರಿ ಎಂದು ಕಲ್ಲುಕುಟಿಗನಿಗೆ ಹೇಳಿದ. ಬನದ ಹೆಸರು ಏನೆಂದು ಬರೆಯಲಿ ಎಂದು ಶಾನುಭೋಗ ತಡವರಿಸಿದಾಗ, “ಆದದ್ದನ್ನ ಬರಿ. ಸೋತ ನಾಯಕನ ಬನ” ಎಂದ. ಗುರುವಣ್ಣನಿಗೆ ಮರುದಿನದಿಂದ ಚೀಲ ಹೊರುವ ಕೆಲಸ ತಪ್ಪಿತು. ಹಿಂದೆ ನಿಲ್ಲಬೇಡ, ಎದುರಿಗೆ ಕೂರು ಎಂದಷ್ಟೇ ಅಪ್ಪಣೆಯಾಯಿತು. ಆಮೇಲೆ ದೊರೆ ದಿನಾ ಮಧ್ಯಾಹ್ನ ಬನಕ್ಕೆ ಬರುತ್ತಿದ್ದ. ಮಡಕೆಯವರ, ದನದವರ ನಡುವೆ ಜಾಗ ಮಾಡಿಕೊಂಡು ಕುಳಿತು, ಸೋತು, ಮನೆಗೆ ಹೋಗುತ್ತಿದ್ದ.

ಈಗಲೂ ಬೇವಿನ ಬುಡದ ಬಂಡೆಯ ಮೇಲೆ ಆ ಹುಲಿಮನೆಯನ್ನು ನೋಡಬಹುದು. ಗೀರುಗಳು ಸವೆದು ನುಣ್ಣಗಾಗಿವೆ, ಸಂಜೆ ಅದರ ಸುತ್ತ ಜಾಗ ಸಿಗಬೇಕಾದರೆ ಬೇಗ ಹೋಗಬೇಕು. ಮೊಮ್ಮಕ್ಕಳೆಂದು ಬಿಟ್ಟುಕೊಟ್ಟು ಆಡುವವರನ್ನು ಇಲ್ಲಿ ಎಬ್ಬಿಸಿ ಕಳಿಸುತ್ತಾರೆ. ಮನೆಯ ಬಲಕ್ಕೆ, ಗೇಣು ದೂರದಲ್ಲಿ, ಬೆರಳುದ್ದದ ಒಂದೇ ಒಂದು ಗೀಟು ಇದೆ. ಕಲ್ಲುಕುಟಿಗನ ಉಳಿಯದ್ದಲ್ಲ, ಚೂರಿಯಿಂದ ಕೆರೆದದ್ದು, ಸೊಟ್ಟಗಿದೆ. ನಾಯಕ ಎಪ್ಪತ್ತನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಗುರುವಣ್ಣನನ್ನು ಸೋಲಿಸಿ, ತಾನೇ ಅದನ್ನು ಕೆರೆದನೆನ್ನುತ್ತಾರೆ. ತಾನು ಬಿಟ್ಟುಕೊಡಲಿಲ್ಲವೆಂದು ಗುರುವಣ್ಣ ದೇವರ ಮೇಲೆ ಆಣೆಯಿಟ್ಟನಂತೆ. ಊರಿನಲ್ಲಿ ಒಬ್ಬರೂ ನಂಬಲಿಲ್ಲ. ನಾಯಕ ಮಾತ್ರ ನಂಬಿದ.