ಬಳೆಗಾರ ಗುರುಪಾದನ ಸಾಲು

ಬಲು ಹಿಂದೆ, ಕಾಡಿಗೆ ಬೆನ್ನು ಹಚ್ಚಿ ಕೂತ ಒಂದೂರು. ಅಲ್ಲಿ ಗುರುಪಾದ ಅನ್ನೋ ಬಳೆಗಾರ ಇದ್ದ. ಕೈ ಒಮ್ಮೆ ಹಿಸುಕಿದರೆ ಅವನಿಗೆ ಅಳತೆ ಸಿಗುತ್ತಿತ್ತು. ಅವನು ತೊಡಿಸಿದರೆ ಒಂದು ಬಳೆಯೂ ಒಡೆಯುತ್ತಿರಲಿಲ್ಲ ಅಂತಾರೆ.

ಅವನು ಮದುವೆಯಾಗಲಿಲ್ಲ. ಅದೇ ಊರಾಗ ಎಣ್ಣೆ ಗಾಣ ಆಡಿಸುತ್ತಿದ್ದ ದ್ಯಾವಪ್ಪನೂ ಮದುವೆಯಾಗಲಿಲ್ಲ. ಇಬ್ಬರದೂ ಒಂದೇ ಮನೆ, ಒಂದೇ ಒಲೆ, ಒಂದೇ ಕೌದಿ. ಗಂಡ ಹೆಂಡಿರ ಹಂಗೆ ಬಾಳಿದರವ್ವ, ಮುಚ್ಚಿಡೋದೇನೈತಿ? ಊರವರು ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದರು.

ಊರಾಚೆ ಸಿದ್ದಿ ಜನರ ಕೇರಿ. ಅವರ ಹಿರೀಕರನ್ನು ಯಾರೋ ಸಮುದ್ರದಾಚೆಯಿಂದ ಹಡಗಿನಾಗ ತಂದು ಮಾರಿದ್ದರಂತೆ. ಕರೀ ಮೈ, ಗುಂಗುರು ಕೂದಲು ಅಂತ ಊರು ಅವರನ್ನು ಮುಟ್ಟುತ್ತಿರಲಿಲ್ಲ. ಆ ಹೆಂಗಸರಿಗೆ ಬಳೆ ಬೇಕಂದರೆ ಮುಂಚಿನ ಬಳೆಗಾರರು ಎಲೆ ಮೇಲಿಟ್ಟು ಕೋಲಿನಿಂದ ಸರಿಸುತ್ತಿದ್ದರು. ಗುರುಪಾದ ಮಾತ್ರ ಕೇರಿಯಾಗ ಕುಂತು, ಒಬ್ಬೊಬ್ಬರ ಕೈ ಹಿಡಿದು ತೊಡಿಸುತ್ತಿದ್ದ. ಅವರೋ, "ಯಣ್ಣಾ, ನಿಮ್ಮನಿಯವ್ರು ಆರಾಮದಾರೇನು?" ಅಂತ ದ್ಯಾವಪ್ಪನನ್ನು ವಿಚಾರಿಸುತ್ತಿದ್ದರು. ಕಿಸಕ್ಕನ್ನದೆ ಕೇಳಿದವರು ಅವರಷ್ಟೇ ಅಂತಾರೆ.

ಊರಗೌಡನ ಮಗಳು ನೀಲವ್ವನ ಮದುವೆ ಬಂತು. ಗೌಡ ಗುರುಪಾದನನ್ನು ಕರೆಸಿದ. "ಆ ಕೇರಿಯವರ ಕೈ ಮುಟ್ಟಿದ ಕೈ ನನ್ನ ಮಗಳಿಗೆ ಬ್ಯಾಡ. ಇನ್ನೊಮ್ಮೆ ಕೇರಿಗೆ ಹೋದರೆ ನಿಮ್ಮಿಬ್ಬರನ್ನೂ ಊರು ಬಿಡಿಸ್ತೀನಿ" ಅಂದ.

ಗುರುಪಾದ ಮನೆಗೆ ಬಂದು ಹೇಳಿದ. ದ್ಯಾವಪ್ಪ ಎತ್ತಿಗೆ ಹುಲ್ಲು ಹಾಕುತ್ತಾ, "ಗಾಣ ಇನ್ನೊಂದೂರಾಗ ಹೂಡಿದರಾತು. ಗಾಣದ ಕಲ್ಲು ಮಾತ್ರ ನೀನ ಹೊರಬೇಕು ನೋಡು. ಹೋಗು, ಕೇರಿ ಅಕ್ಕಗೋಳು ಕಾಯ್ತಿರ್ತಾರ" ಅಂದನಂತೆ.

ಹೋದ. ಅತ್ತ ಮದುವೆ ಮನೆಯಾಗ ಗೌಡನ ಹೆಂಡತಿ ತಾನೇ ಹಸಿರು ಬಳೆ ತೊಡಿಸಲು ಕುಂತಳು. ಒಂದು ಒಡೆಯಿತು, ಎರಡು ಒಡೆಯಿತು, ಹುಡುಗಿ ಕೈಯಾಗ ರಕ್ತ. ಮದುಮಗಳ ಬಳೆ ಒಡೆಯೋದಂದರೇನು! ಬೀಗರು ಎದ್ದು ನಿಂತರು. ನೀಲವ್ವ ಅರಿಶಿನದ ಮೈಯಲ್ಲೇ ಕೇರಿಗೆ ಓಡಿದಳು, ಹಿಂದೆ ಗೌಡ.

ಅಲ್ಲಿ ಹೆಂಗಸರ ಸಾಲಿತ್ತು. ಗುರುಪಾದ ತಲೆಯೆತ್ತಿ, "ಬಾ ತಂಗಿ, ಸಾಲಿನಾಗ ಕೂಡು" ಅಂದ. ಗೌಡನ ಕಣ್ಣೆದುರೇ ಅವಳು ಕುಂತಳು. ಪಕ್ಕದ ಸಿದ್ದಿ ಹೆಂಗಸು ಲಾದವ್ವ ಅವಳ ಕೈ ತೊಳೆದು ರಕ್ತ ಒರೆಸಿದಳು. ಪಾಳಿ ಬಂದಾಗ ಗುರುಪಾದ ತೊಡಿಸಿದ. ಒಂದೂ ಒಡೆಯಲಿಲ್ಲ ಅಂತಾರೆ. ಮಗಳ ಕೈ ತುಂಬಿಸಿದವನನ್ನು ಓಡಿಸಿದರೆ ಆ ಬಳೆಗೇ ಕೇಡು. ಗೌಡ ಊರು ಬಿಡಿಸೋ ಮಾತು ಕೈಬಿಟ್ಟು ಮಗಳನ್ನು ಕರಕೊಂಡು ಹೋದ.

ಈಗಲೂ ಆ ಊರಿನ ಮದುಮಗಳು ಯಾರೇ ಇರಲಿ, ಬಳೆ ತೊಡಲು ಸಿದ್ದಿ ಕೇರಿಗೇ ಹೋಗುತ್ತಾಳೆ, ಮೊದಲು ಬಂದವರ ಹಿಂದೆ ಸಾಲಿನಾಗ ಕೂಡುತ್ತಾಳೆ. ಕೈ ಚಾಚುವ ಮುಂಚೆ ಎಲ್ಲರೂ ಸೇರಿ ಒಂದೇ ಉಸಿರಿಗೆ ಎರಡು ಹೆಸರು ಹೇಳುತ್ತಾರೆ: ಗುರುಪಾದ, ದ್ಯಾವಪ್ಪ.