ಬಳೆ ಹೆಚ್ಚಿದ ಕೈ

“ಗುರುಗಳೇ, ನಾನು ಕಲಿಯಬೇಕಾದದ್ದು ಇನ್ನೇನು ಉಳಿದಿದೆ?” ಎಂದು ಸಿದ್ಧಲಿಂಗ ಕೇಳಿದ.

ಅವನು ಆ ಗುರುಗಳ ಬಳಿ ವೈದ್ಯ ಕಲಿಯಲು ಬಂದು ಆರು ವರ್ಷವಾಗಿತ್ತು. ಅವನ ಊರಿನಲ್ಲಿ ವೈದ್ಯರಿರಲಿಲ್ಲ. ಯಾವಾಗ ಬರುತ್ತೀ ಎಂದು ಊರಿನವರು ತಿಂಗಳಿಗೊಮ್ಮೆ ಹೇಳಿ ಕಳಿಸುತ್ತಿದ್ದರು. ಅಪ್ಪಣೆ ಕೇಳಿದಾಗಲೆಲ್ಲ ಗುರುಗಳು ಇನ್ನಷ್ಟು ದಿನ ಇರು ಎನ್ನುತ್ತಿದ್ದರು. ಅವನಿಗೆ ರೋಸಿ ಹೋಗಿತ್ತು.

“ರಕ್ತನಾಳಗಳ ಪಾಠ ಒಪ್ಪಿಸುತ್ತೇನೆ, ತಪ್ಪಿದ್ದರೆ ಹೇಳಿ. ಹೃದಯದಿಂದ ಹೊರಡುವವು ಧಮನಿಗಳು. ಅವುಗಳ ಗೋಡೆ ದಪ್ಪ. ಹೃದಯ ಬಡಿದಾಗಲೆಲ್ಲ ಹಿಗ್ಗುತ್ತವೆ, ಅದೇ ನಾಡಿ. ಹೃದಯಕ್ಕೆ ಮರಳುವವು ಸಿರೆಗಳು. ಗೋಡೆ ತೆಳು, ಮಿಡಿತವಿಲ್ಲ. ರಕ್ತ ಹಿಂದಕ್ಕೆ ಜಾರದಂತೆ ಒಳಗೆ ಸಣ್ಣ ಕದಗಳಿವೆ. ಇವೆರಡರ ನಡುವೆ ಕೂದಲಿಗಿಂತ ಸಣ್ಣ ನಾಳಗಳ ಬಲೆ. ಅಲ್ಲಿ ರಕ್ತ ಮೈಗೆ ಬೇಕಾದದ್ದನ್ನು ಕೊಟ್ಟು, ಬೇಡವಾದದ್ದನ್ನು ತೆಗೆದುಕೊಂಡು ಹೊರಡುತ್ತದೆ. ಇಷ್ಟೂ ಗೊತ್ತು. ಮೂರು ಬೆರಳಿಟ್ಟರೆ ಸಾಕು, ನಾಡಿ ನನ್ನೊಡನೆ ಮಾತಾಡುತ್ತದೆ. ಮತ್ತೆ ಯಾಕೆ ನನ್ನನ್ನು ಇಲ್ಲಿ ಕೂರಿಸಿಕೊಂಡಿದ್ದೀರಿ?”

ಗುರುಗಳು ಅವನಿಗೆ ಕೂರಲು ಹೇಳಿದರು. ಅವನು ಕೂತ, ಆದರೆ ಮೊಣಕಾಲು ಅಲುಗುವುದು ನಿಲ್ಲಲಿಲ್ಲ. ಗುರುಗಳು ಈ ಕತೆ ಹೇಳಿದರು.

ಒಂದು ಊರಿಗೆ ಹೊಸದಾಗಿ ಒಬ್ಬ ವೈದ್ಯ ಬಂದ. ಚಿಕ್ಕ ವಯಸ್ಸು, ಚುರುಕು ಬುದ್ಧಿ. ನಾಡಿ ಹಿಡಿಯುವುದರಲ್ಲಿ ಎತ್ತಿದ ಕೈ. ಮೂರು ತಿಂಗಳಲ್ಲಿ ಊರೇ ಅವನನ್ನು ಪಂಡಿತರೇ ಎಂದು ಕರೆಯತೊಡಗಿತು. ಹಾಗೆ ಕರೆದಾಗ ಅವನಿಗೆ ನೆಲ ಕಾಣುತ್ತಿರಲಿಲ್ಲ.

ಆ ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿಯ ಮನೆಯಿತ್ತು. ಮನೆಯಲ್ಲಿ ವ್ಯಾಪಾರಿಯ ತಾಯಿ, ಮತ್ತು ಮದುವೆಯಾಗಿ ಐದು ತಿಂಗಳಾದ ಹೆಂಡತಿ. ವ್ಯಾಪಾರಿ ಗಾಡಿ ಕಟ್ಟಿಕೊಂಡು ದೂರದ ಸಂತೆಗೆ ಹೋಗಿದ್ದ. ಒಂದು ಬೆಳಿಗ್ಗೆ ಸೊಸೆ ಹಿತ್ತಿಲಲ್ಲಿ ಸೌದೆ ಎತ್ತುವಾಗ ಎಡಗೈಗೆ ಕಡಜ ಕಚ್ಚಿತು. ಒಂದಲ್ಲ, ಮೂರು ನಾಲ್ಕು. ಕೈ ಊದಿಕೊಂಡಿತು. ಅತ್ತೆ ವೈದ್ಯನಿಗೆ ಹೇಳಿ ಕಳಿಸಿದಳು.

ವೈದ್ಯ ಬಂದು ನಾಡಿಗೆ ಕೈ ಹಾಕಿದ. ಹೆಂಗಸರಿಗೆ ಎಡಗೈಯ ನಾಡಿ ನೋಡುವುದು ವಾಡಿಕೆ. ಆ ಕೈ ತುಂಬ ಮದುವೆಯ ಹಸಿರು ಗಾಜಿನ ಬಳೆ. ಮೂರು ಬೆರಳಿಡಲು ಜಾಗವಿರಲಿಲ್ಲ. ಅವನು ಬಳೆಗಳನ್ನೆಲ್ಲ ಒತ್ತಿ ಮುಂಗೈಯ ಮೇಲಕ್ಕೆ ಸರಿಸಿದ. ಅವು ಅಲ್ಲೇ ಬಿಗಿಯಾಗಿ ಕೂತವು. ನಾಡಿ ಸೊಗಸಾಗಿ ಆಡುತ್ತಿತ್ತು. ಹೆದರಬೇಡಿ ಎಂದು ಹೇಳಿ, ಲೇಪ ಹಚ್ಚಿ ಹೊರಟುಹೋದ.

ಮಧ್ಯಾಹ್ನ ಮತ್ತೆ ಕರೆ ಬಂತು. ಕೈ ಬೆಳಗಿನ ಎರಡರಷ್ಟಾಗಿತ್ತು. ಅವನು ಊತವನ್ನು ಬೆರಳಿನಿಂದ ಅದುಮಿ ನಾಡಿ ಹುಡುಕಿದ. ಸಿಕ್ಕಿತು. ತಪ್ಪದೆ ಬಡಿಯುತ್ತಿತ್ತು. ಅವನಿಗೆ ನಿರಾಳವಾಯಿತು.

“ನಾಡಿ ಚೆನ್ನಾಗಿದೆ ತಾಯಿ.”

“ಕೈ ತುಂಬ್ಕೊಂಡೇ ಬರ್ತಿದೆ ಪಂಡಿತರೇ,” ಎಂದಳು ಸೊಸೆ. “ಒಳಗೆ ಬರೋದು ಗೊತ್ತಾಗ್ತದೆ. ಹೋಗೋದು ಗೊತ್ತಾಗ್ತಿಲ್ಲ.”

ನೋವಿನಲ್ಲಿ ಏನೋ ಹೇಳುತ್ತಾಳೆ ಎಂದುಕೊಂಡ ವೈದ್ಯ. ಲೇಪ ಬದಲಿಸಿ ಮನೆಗೆ ಬಂದ. ಊಟಕ್ಕೆ ಕೂತವನು ತಟ್ಟೆ ಸರಿಸಿದ. ಎದ್ದು ಅಂಗಳದಲ್ಲಿ ಓಡಾಡಿದ. ನಾಡಿ ಸರಿಯಿದೆ, ಕೈ ಸರಿಯಿಲ್ಲ. ಹೀಗೆಂದರೇನು? ಕಲಿತದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಕೊಂಡ, ಮತ್ತೆ ಕೊನೆಯಿಂದ ಮೊದಲಿಗೆ ಹೇಳಿಕೊಂಡ. ಕರೆ ಬರುವ ಮುಂಚೆಯೇ ಚಪ್ಪಲಿ ಮೆಟ್ಟಿ ಹೊರಟ.

ಹೋಗಿ ನೋಡಿದರೆ ಉಗುರುಗಳು ನೀಲಿಗಟ್ಟಿದ್ದವು. ಬೆರಳುಗಳು ಮಡಚಿಕೊಂಡಿದ್ದವು. ಬಳೆಗಳು ಮಾಂಸದೊಳಗೆ ಹೂತು, ಅಂಚು ಮಾತ್ರ ಕಾಣುತ್ತಿತ್ತು. ಆಗ ಅವನಿಗೆ ಹೊಳೆಯಿತು. ಧಮನಿ ಆಳದಲ್ಲಿದೆ, ಗೋಡೆ ಗಟ್ಟಿ, ಬಳೆ ಒತ್ತಿದರೂ ನುಗ್ಗಿ ಬರುತ್ತದೆ. ಸಿರೆ ಚರ್ಮದಡಿಯಲ್ಲೇ ಇದೆ, ಗೋಡೆ ತೆಳು, ಮುಚ್ಚಿಹೋಗಿದೆ. ಬಂದ ರಕ್ತಕ್ಕೆ ಮರಳುವ ದಾರಿಯಿಲ್ಲ. ಮಧ್ಯಾಹ್ನ ಅವಳು ಹೇಳಿದ್ದೂ ಅದನ್ನೇ. ಬಳೆಗಳನ್ನು ಅಲ್ಲಿಗೆ ಸರಿಸಿದ್ದು ತನ್ನದೇ ಕೈ.

“ಬಳೆ ಒಡೀಬೇಕು! ಈಗಲೇ ಒಡೀರಿ!” ಎಂದು ಕೂಗಿದ.

ಅತ್ತೆ ಎದ್ದು ನಿಂತಳು. “ಬಿಡ್ತು ಅನ್ನಿ! ನನ್ನ ಮಗ ದಾರಿ ಮೇಲಿದ್ದಾನೆ. ಅವನ ಹೆಂಡ್ತಿ ಬಳೆ ಒಡಿ ಅಂತ ನನ್ನ ಮನೇಲೇ ನಿಂತು ಹೇಳ್ತೀರಾ? ಬೆಳಗಿಂದ ನಾಡಿ ಚೆನ್ನಾಗಿದೆ ಅಂದೋರು ನೀವೇ ಅಲ್ವಾ? ನಿಮ್ಮ ಮದ್ದೂ ಬೇಡ, ಮಾತೂ ಬೇಡ. ನಡೀರಿ.”

ಅವನು ಹೊಸಿಲಲ್ಲಿ ನಿಂತು ಧಮನಿಯ ವಿಷಯ ಹೇಳಿದ, ಸಿರೆಯ ವಿಷಯ ಹೇಳಿದ, ಕೈ ಹೋಗುತ್ತದೆ ಎಂದ, ಜೀವ ಹೋದರೂ ಹೋದೀತು ಎಂದ. ಹೇಳುತ್ತಾ ಹೇಳುತ್ತಾ ಒಡೆಯುವ ಮಾತನ್ನು ಮತ್ತೆ ನಾಲ್ಕು ಸಲ ಆಡಿದ. ಆಡಿದಷ್ಟೂ ಅವಳು ಕಿವಿ ಮುಚ್ಚಿಕೊಂಡಳು. ಕೊನೆಗೆ ಕದವನ್ನೂ ಮುಚ್ಚಿದಳು.

ವೈದ್ಯ ಬೀದಿಯಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನಡೆದ. ಒಳಗೆ ಸೊಸೆ ನರಳುವುದು ಕೇಳುತ್ತಿತ್ತು. ಒಡೆಯದೆ ಬಳೆ ತೆಗೆಯುವವರು ಯಾರಾದರೂ ಇದ್ದಾರೆಯೇ ಎಂದು ಯೋಚಿಸಿದ. ಬಳೆಗಾರನ ನೆನಪಾಯಿತು. ಪಂಡಿತರು ಪಂಚೆ ಎತ್ತಿ ಕಟ್ಟಿಕೊಂಡು ಓಡುವುದನ್ನು ಊರು ಅಂದೇ ಮೊದಲ ಸಲ ನೋಡಿತು.

ಬಳೆಗಾರ ಮುದುಕ. ಆ ಮದುವೆಗೆ ಬಳೆ ತೊಡಿಸಿದವನು ಅವನೇ. ಅವನಿಗೆ ಧಮನಿ ಗೊತ್ತಿಲ್ಲ, ಸಿರೆ ಗೊತ್ತಿಲ್ಲ. ಎಲ್ಲವನ್ನೂ ನರ ಎನ್ನುತ್ತಿದ್ದ. ಆದರೆ ಬಳೆ ತೊಡಿಸಿದ ಮೇಲೆ ಪ್ರತಿಯೊಬ್ಬಳ ಕೈಯನ್ನೂ ಒಮ್ಮೆ ಮೇಲಕ್ಕೆ ಎತ್ತಿಸಿ ನೋಡುವುದು ಅವನ ರೂಢಿ. ಎತ್ತಿದ ಕೈಯಲ್ಲಿ ಹಸಿರು ನರ ಇಳಿದು ಮಾಯವಾದರೆ ಬಳೆ ಸರಿಯಾಗಿದೆ. ಇಳಿಯದೆ ಉಬ್ಬಿಯೇ ಇದ್ದರೆ ತೆಗೆದು ಒಂದು ಅಳತೆ ದೊಡ್ಡದನ್ನು ತೊಡಿಸುತ್ತಿದ್ದ.

ಬಾಗಿಲಲ್ಲಿ ಬಳೆಗಾರನ ದನಿ ಕೇಳಿ ಅತ್ತೆ ಕದ ತೆಗೆದಳು. ಅವನು ಸೊಸೆಯ ಎದುರು ಕೂತು, “ಕೈ ಎತ್ತವ್ವ” ಎಂದ. ತಾನೇ ಆಸರೆ ಕೊಟ್ಟು ಎತ್ತಿಸಿದ. ನರಗಳು ಕಪ್ಪಗೆ ಉಬ್ಬಿಯೇ ನಿಂತಿದ್ದವು. ಅವನು ಅತ್ತೆಯ ಕಡೆ ತಿರುಗಿದ.

“ಬಳೆ ಹೆಚ್ಚೋ ಹೊತ್ತು ಬಂದಿದೆ ತಾಯಿ. ನನ್ನ ಕೈಯಿಂದ ತೊಡಿಸಿದ್ದು, ನನ್ನ ಕೈಯಿಂದಲೇ ಹೆಚ್ಚಿಸ್ತೀನಿ. ಹುಷಾರಾದ ಮೇಲೆ ಎರಡು ಜೋಡಿ ಜಾಸ್ತಿ ತೊಟ್ಕೊಳ್ಳಲಿ ಮಗಳು.”

ಬಳೆ ಒಡೆಯುವುದು ಗಂಡ ಸತ್ತಾಗ. ಮುತ್ತೈದೆಯ ಕೈಯಲ್ಲಿ ಬಳೆ ಒಡೆದರೆ ಯಾರೂ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತಾರೆ. ಆ ಊರಿನ ಎಳೆಯ ಮಕ್ಕಳಿಗೂ ಇದು ಗೊತ್ತಿತ್ತು. ವೈದ್ಯನಿಗೂ ಗೊತ್ತಿತ್ತು. ಅವನ ತಾಯಿಯೂ ಹಾಗೆಯೇ ಹೇಳುತ್ತಿದ್ದಳು.

ಅತ್ತೆ ಒಳಗೆ ಹೋಗಿ ಅರಿಶಿನದ ದಾರ ತಂದಳು. ಕೈ ಬರಿದಾಗಬಾರದೆಂದು ಅದನ್ನು ಸೊಸೆಯ ಮಣಿಕಟ್ಟಿಗೆ ಸಡಿಲವಾಗಿ ಸುತ್ತಿದಳು. “ಹೆಚ್ಚಿಸಪ್ಪ” ಎಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಸೊಸೆಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹಿಡಿದಳು. ಬಳೆಗಾರ ಬಟ್ಟೆ ಅಡ್ಡ ಹಿಡಿದು ಒಂದೊಂದೇ ಬಳೆಯನ್ನು ಹೆಚ್ಚಿಸಿದ. ಕೊನೆಯ ಬಳೆ ಹೋದ ಮೇಲೆ ಕೈಯನ್ನು ಮತ್ತೆ ಎತ್ತಿಸಿದ. ತುಸು ಹೊತ್ತಿಗೆ ನರ ಇಳಿಯತೊಡಗಿತು. ವೈದ್ಯ ಬಾಗಿಲ ಬಳಿ ನಿಂತು ನೋಡುತ್ತಿದ್ದ. ಅವನನ್ನು ಯಾರೂ ಒಳಗೆ ಕರೆಯಲಿಲ್ಲ.

ಜೀವ ಉಳಿಯಿತು, ಕೈಯೂ ಉಳಿಯಿತು. ಆದರೆ ಹೊತ್ತು ಮೀರಿತ್ತು. ಕಿರುಬೆರಳು ಮತ್ತು ಉಂಗುರ ಬೆರಳು ಮಡಚಿದ್ದು ಮಡಚಿದಂತೆಯೇ ಉಳಿದವು. ತಿಂಗಳ ಮೇಲೆ ಅವಳು ದಾರಿಯಲ್ಲಿ ವೈದ್ಯನನ್ನು ಕಂಡು, ಒಳ್ಳೆಯ ಹೆಣ್ಣು, ಆ ಕೈಯನ್ನೇ ಜೋಡಿಸಿ ನಮಸ್ಕಾರ ಮಾಡಿದಳು. ಅದೇ ವಾರ ವೈದ್ಯ ಊರು ಬಿಟ್ಟ. ಆಮೇಲೆ ಅವನು ಯಾರ ನಾಡಿಯನ್ನೂ ಹಿಡಿಯಲಿಲ್ಲ ಎನ್ನುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧಲಿಂಗನಿಗೆ ಸಿಟ್ಟು ತಡೆಯಲಾಗಲಿಲ್ಲ.

“ಸಿರೆಯ ಪಾಠ ಬಾಯಿಪಾಠ ಬಂದಿತ್ತಲ್ಲ ಅವನಿಗೆ! ಎದುರಿಗೆ ಕೂತ ಹೆಂಗಸು ಬಾಯಿಬಿಟ್ಟು ಹೇಳಿದ್ದು ಕೇಳಲಿಲ್ಲ. ಅತ್ತೆಗೆ ಹೇಳಬೇಕಾದ ಮಾತು ಯಾವುದೆಂದು ತಿಳಿಯಲಿಲ್ಲ. ಇಷ್ಟು ಅರೆಬೆಂದವನನ್ನು ರೋಗಿಗಳ ಮನೆಗೆ ಬಿಡುವುದೇ? ಅವನಿಗೆ ಅಪ್ಪಣೆ ಕೊಟ್ಟ ಗುರು ಯಾರು, ಗುರುಗಳೇ?”

ಗುರುಗಳು ಹೇಳಿದರು: “ಅವನೂ ದಿನವೂ ಬಂದು ಇನ್ನೇನು ಉಳಿದಿದೆ ಎಂದು ಕೇಳುತ್ತಿದ್ದ, ಮಗು. ಒಂದು ದಿನ ಬೇಸತ್ತು ನಾನೇ ಅಪ್ಪಣೆ ಕೊಟ್ಟುಬಿಟ್ಟೆ.”