ಮಟ್ಟ ತೋರುವ ನಳಿಕೆ

"ಗುರುಗಳೇ, ಬಾಯಿಬಿಟ್ಟು ಹೇಳದವರ ಮನಸ್ಸಿನಲ್ಲಿ ಎಷ್ಟು ದುಃಖವಿದೆ ಎಂದು ತಿಳಿಯುವುದು ಹೇಗೆ?"

ಕೇಳಿದವನು ಚರಂತಯ್ಯ, ಮಠದ ಕಿರಿಯ ಶಿಷ್ಯ. ಗಂಡನನ್ನು ಕಳೆದುಕೊಂಡ ಅವನ ಅಕ್ಕ ಮಠಕ್ಕೆ ಬಂದು ಇದ್ದಳು. ದಾಸೋಹದ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಯಾರೊಡನೆಯೂ ಮಾತಿಲ್ಲ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಚರಂತಯ್ಯ ತಾನು ಕಲಿತ ಸಮಾಧಾನದ ಮಾತನ್ನೆಲ್ಲ ಅವಳಿಗೆ ಹೇಳಿ ಸೋತಿದ್ದ.

ಗುರುಗಳು ಹೇಳಿದರು: "ನನಗೆ ಗಾಡಿ ಓಡಿಸಲು ಬಾರದು. ಆದರೆ ಭಕ್ತರ ಹಿಂದೆ ಕೂತು ಹೋಗಿ, ನಡುದಾರಿಯಲ್ಲಿ ಕೈಕೊಟ್ಟ ಗಾಡಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಆದ್ದರಿಂದ ಒಬ್ಬ ಮೆಕ್ಯಾನಿಕ್ಕನ ಕತೆ ಕೇಳು.

"ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಬೈಕಿನ ಕೆಲಸದಲ್ಲಿ ಒಳ್ಳೆಯ ಹೆಸರು. ಬೈಕಿನಲ್ಲಿ ಕಾರ್ಬುರೇಟರ್ ಎಂದು ಒಂದಿರುತ್ತದೆ. ಎಂಜಿನ್ನಿಗೆ ಹೋಗುವ ಮೊದಲು ಪೆಟ್ರೋಲು ಅದರ ಪುಟ್ಟ ಬಟ್ಟಲಿನಲ್ಲಿ ನಿಲ್ಲುತ್ತದೆ. ಬಟ್ಟಲಿನೊಳಗೆ ಒಂದು ತೇಲುಗುಂಡು. ಪೆಟ್ರೋಲು ಏರಿದಾಗ ಗುಂಡೂ ಏರಿ ದಾರಿ ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ. ಮಟ್ಟ ಹೆಚ್ಚಾದರೆ ಎಂಜಿನ್ ತೊಯ್ದು ನಿಲ್ಲುತ್ತದೆ, ಕಡಿಮೆಯಾದರೆ ಹಸಿದು ನಿಲ್ಲುತ್ತದೆ. ಕಷ್ಟವೆಂದರೆ, ಆ ಮಟ್ಟ ಹೊರಗಿನಿಂದ ಕಾಣುವುದಿಲ್ಲ. ನೋಡೋಣವೆಂದು ಬಟ್ಟಲು ಬಿಚ್ಚಿದರೆ ಪೆಟ್ರೋಲು ಚೆಲ್ಲಿಹೋಗುತ್ತದೆ, ಎಷ್ಟಿತ್ತೆಂದು ತಿಳಿಯುವುದಿಲ್ಲ. ನಮ್ಮ ಮೆಕ್ಯಾನಿಕ್ಕು ದಾರಿ ಯಾವಾಗ ಮುಚ್ಚಬೇಕೆಂದು ನಿರ್ಧರಿಸುವ, ಗುಂಡಿನ ತಗಡಿನ ನಾಲಿಗೆಯನ್ನು ಅಂದಾಜಿನ ಮೇಲೆ ಬಗ್ಗಿಸಿ ಬಿಡುತ್ತಿದ್ದ. ಊರವರ ಗಾಡಿಗೂ ಅದೇ ಅಂದಾಜು, ತನ್ನ ಗಾಡಿಗೂ ಅದೇ.

"ಒಂದು ದಿನ ಅವನ ಹೆಂಡತಿಯ ತಾಯಿಗೆ ಕಾಯಿಲೆ ಬಹಳ ಜೋರಾಗಿದೆ ಎಂದು ಸುದ್ದಿ ಬಂತು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟ. ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ಒದ್ದ, ತಳ್ಳಿದ, ಬಿಚ್ಚಿದ, ಮತ್ತೆ ಜೋಡಿಸಿದ. ಅವರು ತಲುಪುವ ಹೊತ್ತಿಗೆ ಮುದುಕಿಯ ಕಣ್ಣು ಮುಚ್ಚಿತ್ತು.

"ಹೆಂಡತಿ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ಹಾಕುತ್ತಿದ್ದಳು, ಅಷ್ಟೇ. ಆ ಮೌನ ಅವನಿಗೆ ನುಂಗಲಾರದ ತುತ್ತಾಯಿತು. ಊಟಕ್ಕೆ ಕೂತಾಗಲೆಲ್ಲ, 'ನನ್ನ ಮ್ಯಾಲೆ ಸಿಟ್ಟೈತೇನು?' ಎಂದು ಕೇಳುತ್ತಿದ್ದ. ಅವಳು ತುಟಿ ತೆರೆಯುವುದರೊಳಗೆ, 'ನಾನರ ಏನ ಮಾಡ್ಲಿ? ಆಗೂದು ಆಗಿಹೋತು, ಅತ್ತರ ಹೋದಾಕಿ ಬರ್ತಾಳೇನು?' ಎಂದು ತಾನೇ ಹೇಳಿ ಮುಗಿಸುತ್ತಿದ್ದ. ಅವಳು ಎದ್ದು ಹೋಗುತ್ತಿದ್ದಳು.

"ಇನ್ನು ಮೇಲೆ ಅಂದಾಜಿನ ಕೆಲಸ ಬೇಡ ಎಂದುಕೊಂಡು ಅವನು ಒಂದು ಸಾಧನ ಮಾಡಲು ಕೂತ. ಔಷಧಿ ಅಂಗಡಿಯಿಂದ ಸಲೈನ್ ಹಾಕುವ ನಳಿಕೆ ತಂದ, ಗಾಜಿನಂತೆ ಒಳಗಿನದು ಕಾಣುವಂಥದ್ದು. ಬಟ್ಟಲಿನ ತಳದ ತಿರುಪಿಗೆ ತೂತು ಕೊರೆದು ಅದಕ್ಕೆ ನಳಿಕೆ ಸಿಕ್ಕಿಸಿದ. ನಳಿಕೆಯನ್ನು ಬಟ್ಟಲಿನ ಪಕ್ಕದಲ್ಲೇ ನೆಟ್ಟಗೆ ಎತ್ತಿ ಹಿಡಿದರೆ, ಒಳಗೆ ಪೆಟ್ರೋಲು ಎಷ್ಟಿದೆಯೋ ನಳಿಕೆಯಲ್ಲೂ ಅಷ್ಟೇ ಏರಿ ನಿಲ್ಲಬೇಕು. ಎಲ್ಲಿ ನಿಲ್ಲಬೇಕೋ ಅಲ್ಲಿ ಬಟ್ಟಲಿನ ಹೊರಗೆ ಮೊಳೆಯಿಂದ ಗೀರು ಎಳೆದ. ಸಾಧನವೇನೋ ಸರಿಯಾಗಿಯೇ ಇತ್ತು.

"ಪೆಟ್ರೋಲು ಬಿಟ್ಟು ನೋಡಿದ. ಗೀರಿನಿಂದ ಬಹಳ ಕೆಳಗೇ ನಿಂತಿತು. ಬಟ್ಟಲು ಬಿಚ್ಚಿ ಗುಂಡಿನ ನಾಲಿಗೆ ಬಗ್ಗಿಸಿ ಮಟ್ಟ ಏರಿಸಿದ. ಮತ್ತೆ ನೋಡಿದರೆ ನಳಿಕೆಯಲ್ಲಿ ಅಷ್ಟೇ ಇದೆ. ಇನ್ನೂ ಏರಿಸಿದ. ಈ ಸಲ ಒಳಗೆ ತುಂಬಿ ಉಕ್ಕಿ ನೆಲಕ್ಕೆ ಸುರಿಯಿತು, ಆದರೂ ನಳಿಕೆ ಮಾತ್ರ ಕಡಿಮೆಯೆಂದೇ ತೋರಿಸುತ್ತಿತ್ತು. ಅವನಿಗೆ ತಲೆ ಕೆಟ್ಟುಹೋಯಿತು.

"ಹೆಂಡತಿ ಹೊಸ್ತಿಲಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಎಷ್ಟೋ ದಿನದ ಮೇಲೆ ತಾನಾಗಿ ಬಾಯಿಬಿಟ್ಟಳು. 'ಹೆಬ್ಬೆರಳು ತಗೀರಿ. ಮ್ಯಾಲೆ ಬಾಯಿ ಒತ್ತಿ ಹಿಡದ್ರ ಅದು ಹೆಂಗ ಏರತೈತಿ?'

"ನೋಡಿಕೊಂಡ. ಪೆಟ್ರೋಲು ಎಲ್ಲಿ ಮೈಮೇಲೆ ಚಿಮ್ಮೀತೋ ಎಂಬ ಅಂಜಿಕೆಗೆ ಅವನು ನಳಿಕೆಯ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದಿದ್ದ. ಬೆರಳು ತೆಗೆದ. ಪೆಟ್ರೋಲು ಸರ್ರನೆ ಗೀರು ದಾಟಿ ಮೇಲೇರಿತು. ಒಳಗೆ ಅಷ್ಟಿತ್ತು.

"ಅವನು ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತ. ಅವನಿಗೆ ಬಹಳ ನಾಚಿಕೆಯಾಯಿತು. ಗಾಡಿಯನ್ನು ಹಾಗೇ ಬಿಟ್ಟು, ಕೈ ತೊಳೆದುಕೊಂಡು ಬಂದು ಹೊಸ್ತಿಲಲ್ಲಿ ಅವಳ ಪಕ್ಕ ಕೂತ. ಮೊರದಿಂದ ಒಂದು ಹಿಡಿ ತೊಗರಿ ತೆಗೆದುಕೊಂಡು ಹರಳು ಆರಿಸತೊಡಗಿದ. ಏನೂ ಕೇಳಲಿಲ್ಲ.

"ಬಹಳ ಹೊತ್ತಾದ ಮೇಲೆ ಅವಳು, 'ಅವ್ವ ಬಾಗಲಾ ನೋಡಕೋತನ ಹೋದಳಂತ' ಎಂದಳು. ಅವನ ನಾಲಿಗೆಯ ತುದಿಗೆ ಉತ್ತರ ಬಂತು. ತಡೆದುಕೊಂಡ. 'ನಾ ಬಂದೆನೇನು ಅಂತ ಕೇಳಿದಳಂತ. ನಿಮ್ಮ ಮ್ಯಾಲೆ ಸಿಟ್ಟೈತಿ ನನಗ. ಭಾಳ ಸಿಟ್ಟೈತಿ' ಎಂದಳು. ಅವನು ಕೈಯಲ್ಲಿದ್ದ ತೊಗರಿಯನ್ನು ಮೊರಕ್ಕೆ ಹಾಕಿ ಅವಳ ಕಡೆ ತಿರುಗಿದ. ಅವಳು ಅಳತೊಡಗಿದಳು. ಮೊರ ಜಾರಿ ತೊಗರಿಯೆಲ್ಲ ಚೆಲ್ಲಿತು. ಅಷ್ಟು ಸಿಟ್ಟಿದ್ದವಳು, ಅತ್ತು ಅತ್ತು ಸೋತಾಗ ತಲೆ ಇಟ್ಟದ್ದು ಅವನ ಹೆಗಲ ಮೇಲೆಯೇ."

ಗುರುಗಳು ಕತೆ ನಿಲ್ಲಿಸಿದರು. ಚರಂತಯ್ಯನ ಕಣ್ಣು ತುಂಬಿತ್ತು. ಅವನು ತಟ್ಟನೆ ಎದ್ದು ನಿಂತ.

"ತಿಳಿಯಿತು ಗುರುಗಳೇ. ಈಗಲೇ ಅಕ್ಕನ ಹತ್ತಿರ ಹೋಗುತ್ತೇನೆ. ದುಃಖವನ್ನು ಒಳಗಿಟ್ಟುಕೊಳ್ಳಬಾರದು, ಹೇಳಿಕೊಂಡರೆ ಹಗುರಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಬಿಡಿಸಿ ಹೇಳುತ್ತೇನೆ. ಈ ಕತೆಯನ್ನೂ ಹೇಳಿ, ಆಮೇಲೆ—"

ಗುರುಗಳು ಅವನ ಕೈ ಹಿಡಿದುಕೊಂಡರು.

"ಹೆಬ್ಬೆರಳು ತೆಗೆ, ಚರಂತಯ್ಯ."